ಜೈಸಲ್ಮೇರ್‌ನಲ್ಲಿ ಬಟ್ಟೆ ತಿರುವಿ ನೋಡಿದ್ದು

ಕಸೂತಿ ಹಾಕಲು ಶುರುಮಾಡಿ ಮೂವತ್ತು ವರ್ಷವಾಯಿತು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಹಿಂಬದಿ ನೋಡುವ ಚಟ ನನಗೆ. ನಮ್ಮ ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಜೈಸಲ್ಮೇರ್‌ನಲ್ಲಿ ಮಾತ್ರ ಈ ಚಟ ಸ್ವಲ್ಪ ತಡವಾಗಿ ನೆನಪಾಯಿತು. 1,800 ರೂಪಾಯಿ ದಂಡ.

ಡಿಸೆಂಬರ್‌ನಲ್ಲಿ ಹೋಗಿದ್ದೆವು, ನಾನು ಮತ್ತು ಅಕ್ಕನ ಮಗಳು. ಜೋಧ್‌ಪುರದಿಂದ ರಾತ್ರಿ ರೈಲು. ಮರುಭೂಮಿ ಅಂದರೆ ಬಿಸಿಲು ಅಂದುಕೊಂಡು ಇಬ್ಬರ ನಡುವೆ ಒಂದೇ ಸ್ವೆಟರ್ ಒಯ್ದಿದ್ದೆವು! ಆಟೋದವನು ಮೊದಲು ಒಂದು ಅಂಗಡಿಗೆ ಬಿಟ್ಟ. ಗೋಡೆಗೆ ತೂಗುಹಾಕುವ ಪ್ಯಾಚ್‌ವರ್ಕ್ ಬಿಚ್ಚಿಟ್ಟು, ನೂರು ವರ್ಷದ ಹಳೇ ಘಾಗ್ರಾ ತುಂಡುಗಳು ಅಂದರು. ಚಹಾ ಕೊಟ್ಟರು. ಚಹಾ ಕುಡಿದ ಮೇಲೆ ಚೌಕಾಸಿಗೆ ನಾಲಿಗೆ ಏಳುವುದಿಲ್ಲ, ಅಲ್ವಾ? ರೂಮಿಗೆ ಬಂದು ತಿರುವಿದರೆ ಹಿಂದೆ ಬಿಳಿ ಬಾಬಿನ್ ದಾರ ಒಂದೇ ಅಳತೆಯಲ್ಲಿ ಓಡಿದೆ. ಪೂರ್ತಿ ಮೆಷಿನ್ ಕೆಲಸ. ಒದ್ದೆ ಕರ್ಚೀಫಿನಿಂದ ಉಜ್ಜಿದೆ, ಕೆಂಪು ಬಣ್ಣ ಕರ್ಚೀಫಿಗೆ ಬಂತು.

ಮರುದಿನದಿಂದ ಕ್ರಮ ಬದಲಾಯಿಸಿದೆ. ಮೊದಲು ಹಳೆಯದನ್ನು ನೋಡಿ ಕಣ್ಣು ಪಳಗಿಸುವುದು, ಪರ್ಸ್ ತೆಗೆಯುವುದು ಆಮೇಲೆ.

ಊರಿನ ಕೋಟೆ 1156ರಲ್ಲಿ ರಾಜ ರಾವಲ್ ಜೈಸಲ್ ಕಟ್ಟಿಸಲು ಶುರುಮಾಡಿದ್ದು. 99 ಬುರುಜು, ಎಲ್ಲಾ ಹಳದಿ ಕಲ್ಲು. ಒಳಗೆ ಇವತ್ತಿಗೂ ಜನ ಸಂಸಾರ ಮಾಡುತ್ತಾರೆ. ಕೋಟೆಯೊಳಗೇ ಉಳಿಯಲು ಗೆಸ್ಟ್ ಹೌಸ್‌ಗಳಿವೆ, ಆದರೆ ನಾವು ಕೆಳಗಿನ ಊರಲ್ಲಿ ಉಳಿದೆವು. ನಲ್ಲಿ, ಚರಂಡಿ ನೀರು ಇಂಗಿ ಗುಡ್ಡದ ಬುಡ ಸಡಿಲವಾಗುತ್ತಿದೆ, ಕೆಲವು ಬುರುಜುಗಳು ಕುಸಿದಿವೆ ಕೂಡ. ಆ ಭಾರಕ್ಕೆ ನಮ್ಮ ಎರಡು ಬಕೆಟ್ ನೀರೂ ಯಾಕೆ? ಜೈನ ಬಸದಿಗಳಿಗೆ ಬೆಳಿಗ್ಗೆಯೇ ಹೋಗಿ. ಚರ್ಮದ ಬೆಲ್ಟ್, ಬ್ಯಾಗ್ ಹೊರಗೇ ಬಿಡಬೇಕು.

ಪಟ್ವೋಂಕಿ ಹವೇಲಿ ಎಲ್ಲರೂ ನೋಡುತ್ತಾರೆ. ಒಬ್ಬ ವ್ಯಾಪಾರಿ ಕುಟುಂಬದ ಐದು ಮನೆ, ಚಂದವೇ. ನನಗೆ ಹೆಚ್ಚು ಹಿಡಿಸಿದ್ದು ನಥ್‌ಮಲ್ ಹವೇಲಿ. 1885ರ ಸುಮಾರಿಗೆ ಹಾಥಿ, ಲಾಲೂ ಎಂಬ ಅಣ್ಣತಮ್ಮಂದಿರು ಒಂದೊಂದು ಬದಿ ಹಂಚಿಕೊಂಡು ಕೆತ್ತಿದರಂತೆ. ದೂರದಿಂದ ಎರಡೂ ಒಂದೇ. ಎದುರು ಕಟ್ಟೆಯ ಮೇಲೆ ಕೂತು ಹುಡುಕಲು ಶುರುಮಾಡಿದರೆ ಬಳ್ಳಿ ಬೇರೆ, ಹೂವು ಬೇರೆ. ಅರ್ಧ ಗಂಟೆ ಕೂತೆವು. ನಾನು ಸೋತೆ, ಹುಡುಗಿಗೆ ಜಾಸ್ತಿ ವ್ಯತ್ಯಾಸ ಸಿಕ್ಕಿತು.

ಕೊನೆಗೆ ಕೊಂಡದ್ದು ಒಂದು ಪಟ್ಟು, ಅಂದರೆ ಉಣ್ಣೆಯ ಶಾಲು. ನಾನು ಅಂಗಡಿಯಲ್ಲೇ ತಿರುವಿ ಹಾಕಿದೆ.

"ಮೌಶಿ, ಹಿಂದ ಏನ ನೋಡಾಕತ್ತೀ? ಚಂದ ಇರೋದು ಮುಂದ ಐತಿ," ಅಂದಳು ಹುಡುಗಿ.

ಮುಂದೆ ನೋಡಿದರೆ ಸೂಜಿ ಕೆಲಸ ಅನ್ನಿಸುತ್ತದೆ. ಆದರೆ ಅದು ಮಗ್ಗದ ಮೇಲೆಯೇ, ಹೊಕ್ಕು ದಾರದ ಜೊತೆ ಇನ್ನೊಂದು ಬಣ್ಣದ ದಾರ ಸೇರಿಸಿ ಎಬ್ಬಿಸಿದ ಹೂವು. ನಡುವೆ ಕೈಯಿಂದ ಜೋಡಿಸಿದ ಹೊಲಿಗೆ ಇತ್ತು. ಮಗ್ಗದ ಅಗಲ ಕಡಿಮೆ, ಹಾಗಾಗಿ ಎರಡು ಪಟ್ಟಿ ನೇಯ್ದು ಸೇರಿಸುತ್ತಾರೆ. ಅದು ಡ್ಯಾಮೇಜ್ ಅಲ್ಲ, ಅದಕ್ಕೇ ದರ ಇಳಿಸಲು ನಾನೂ ಕೇಳಲಿಲ್ಲ. ಈ ಸಲ ಚಹಾ ಬೇಡ ಅಂದೆ.

ಒಂಟೆ ಸವಾರಿ ಬಗ್ಗೆ ನಾನೇನೂ ಹೇಳುವುದಿಲ್ಲ, ಸೊಂಟ ಇನ್ನೂ ನೋಯುತ್ತಿದೆ.

ಸಂಜೆ ಗಡೀಸರ್ ಕೆರೆ ದಂಡೆಯಲ್ಲಿ ಒಬ್ಬ ಮಾಂಗಣಿಯಾರ್ ಹಿರಿಯರು ಕಮಾಯ್ಚಾ ನುಡಿಸುತ್ತಿದ್ದರು. ಮರದ ಹೊಟ್ಟೆಗೆ ಆಡಿನ ಚರ್ಮ ಬಿಗಿದ ವಾದ್ಯ, ಗಂಟಲು ಕಟ್ಟಿದ ಹೆಂಗಸು ಹಾಡಿದಂಥ ದನಿ. ಇವರು ಮುಸ್ಲಿಮರು, ತಲೆತಲಾಂತರದಿಂದ ರಜಪೂತ ಮನೆಗಳ ಹುಟ್ಟು, ಮದುವೆಗೆ ಹಾಡುವವರು. ಪಕ್ಕದಲ್ಲಿದ್ದ ಹುಡುಗ ಕಬ್ಬಿಣದ ಮೋರ್‌ಚಂಗ್ ಬಾಯಿಗಿಟ್ಟ ಕೂಡಲೇ ನಮ್ಮವಳು ಎದ್ದು ನಿಂತಳು. ನಮ್ಮ ಸಂಗೀತ ಕಛೇರಿಗಳ ಮೋರ್ಸಿಂಗ್ ಅಲ್ವಾ ಅದು! ಅವನ ಹತ್ತಿರವೇ ಒಂದು ಕೊಂಡಳು. ಹಲ್ಲಿಗೆ ಲಘುವಾಗಿ ಒತ್ತಿ ಹಿಡಿ, ಕಚ್ಚಬೇಡ ಅಂತ ಅವನು ಕೈಸನ್ನೆಯಲ್ಲಿ ತೋರಿಸಿದ. ಇವಳು ಕಚ್ಚಿದಳು. ನಾಲಿಗೆ ಹಲ್ಲಿಗೆ ಟಪ್ಪಂತ ಹೊಡೆಯಿತು. ಆ ನಾಲಿಗೆ ಅವಳದಲ್ಲ, ಮೋರ್‌ಚಂಗಿನ ನಡುವೆ ಮಿಡಿಯುವ ಲೋಹದ ಪಟ್ಟಿ. ಹಿರಿಯರು ಕಮಾನು ಕೆಳಗಿಟ್ಟು ನಕ್ಕರು.