ಪೆಲೆಟ್ ಸ್ಟವ್‌ಗೆ ಥರ್ಮೋಸ್ಟಾಟ್: ಮೂರು ಚಳಿಗಾಲದ ಲೆಕ್ಕ

ಪೆಲೆಟ್ ಸ್ಟವ್‌ಗೆ (ಮರದ ಪುಡಿಯ ಗುಳಿಗೆ ಸುಟ್ಟು ಮನೆ ಬೆಚ್ಚಗಿಡುವ ಒಲೆಗೆ) ಥರ್ಮೋಸ್ಟಾಟ್ (ಕೋಣೆಯ ಶಾಖ ನೋಡಿ ಸ್ಟವ್ ಹೊತ್ತಿಸಿ ಆರಿಸುವ ಸ್ವಿಚ್) ಕಟ್ಟಬೇಡಿ, ಬೆಂಕಿ ಹೊತ್ತಿಸುವ ಇಗ್ನೈಟರ್ ಉಳಿಯಲ್ಲ, ಪೆಲೆಟ್ ಉರಿಯುವ ಪಾಟ್ ತುಂಬ ಬೂದಿ ಗಟ್ಟಿಯಾಗುತ್ತೆ ಅಂತ ಸ್ಟವ್ ಮಾರಿದವರೂ ಹೇಳಿದ್ದರು, ಹತ್ತು ವರ್ಷದಿಂದ ಪೆಲೆಟ್ ಸುಡುತ್ತಿರುವವರೂ ಹೇಳಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಈಗ ಮೂರನೇ ಚಳಿಗಾಲ ಮುಗಿದಿದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಜನವರಿಯಲ್ಲೂ ಮನೆ 67ರಿಂದ 70 ಡಿಗ್ರಿ ಫ್ಯಾರನ್‌ಹೀಟ್ ಒಳಗೇ ನಿಂತಿತ್ತು (ಮುಂದಿನ ಡಿಗ್ರಿಗಳೂ ಫ್ಯಾರನ್‌ಹೀಟ್‌ನವೇ), ಇಗ್ನೈಟರ್ ಎರಡು ಚಳಿಗಾಲದಿಂದ ಅದೇ ಇದೆ. ತಪ್ಪು ಥರ್ಮೋಸ್ಟಾಟಿನದಲ್ಲ, ಅದನ್ನು ಆಯಿಲ್ ಫರ್ನೇಸ್‌ಗೆ (ಆಯಿಲ್ ಸುಟ್ಟು ಇಡೀ ಮನೆಗೆ ಬಿಸಿಗಾಳಿ ಕಳಿಸುವ ಯಂತ್ರಕ್ಕೆ) ಕಟ್ಟುವ ಹಾಗೆ ಕಟ್ಟಿದ್ದರದು.

ಮೊದಲು ವೈರಿಂಗ್. ಸ್ಟವ್ ಹಿಂದಿನ ಎರಡು ಥರ್ಮೋಸ್ಟಾಟ್ ಸ್ಕ್ರೂಗಳಿಗೆ ಬೇಕಿರುವುದು ಬರೀ ಸ್ವಿಚ್, ಕರೆಂಟ್ ಅಲ್ಲ. ಬ್ಯಾಟರಿ ಥರ್ಮೋಸ್ಟಾಟ್ ಆದರೆ ಆ ಸ್ಕ್ರೂಗಳನ್ನು ಜೋಡಿಸಿರುವ ತುಂಡು ವೈರ್ (ಜಂಪರ್) ಬಿಚ್ಚಿ, 18 ಗೇಜಿನ ಎರಡೆಳೆ ವೈರ್ ಎಳೆದು ಥರ್ಮೋಸ್ಟಾಟಿನ ಆರ್ (R) ಮತ್ತು ಡಬ್ಲ್ಯೂ (W) ಸ್ಕ್ರೂಗಳಿಗೆ ಸೇರಿಸಿದರೆ ಮುಗಿಯಿತು. ವೈಫೈ ಥರ್ಮೋಸ್ಟಾಟ್ ನೇರ ಕಟ್ಟಿದ್ದೇ ಮೊದಲ ಎಡವಟ್ಟು. ಥರ್ಮೋಸ್ಟಾಟ್‌ಗೆ ಸದಾ ಕರೆಂಟ್ ಒದಗಿಸುವ ಸಿ (C) ವೈರ್ ಇಲ್ಲದಾಗ ಅದು ಅದೇ ಎರಡು ವೈರಿನಿಂದ ತನ್ನ ಹೊಟ್ಟೆಗೆ ಕರೆಂಟ್ ಎಳೆಯಲು ನೋಡುತ್ತದೆ. ಸ್ಟವ್ ಬೋರ್ಡಿಗೆ ಅದು ಅರ್ಧ ಒತ್ತಿದ ಸ್ವಿಚ್ಚಿನ ಹಾಗೆ ಕಾಣುತ್ತದೆ. ಯಾರೂ ಕೇಳದೆ ಸ್ಟವ್ ಹೊತ್ತಿಕೊಳ್ಳುತ್ತದೆ, ನಡುವೆ ಆರಿಹೋಗುತ್ತದೆ.

ಇದಕ್ಕೆ 24 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್ ಒಂದು, 24 ವೋಲ್ಟ್ ಎಸಿ ಕಾಯಿಲ್ ಇರುವ ರಿಲೇ (ಕಾಯಿಲ್‌ಗೆ ಕರೆಂಟ್ ಬಂದಾಗ ತಾನೇ ಮುಚ್ಚುವ ಸ್ವಿಚ್) ಒಂದು ಬೇಕು. ಟ್ರಾನ್ಸ್‌ಫಾರ್ಮರಿನ ಒಂದು ತುದಿ ಥರ್ಮೋಸ್ಟಾಟಿನ ಆರ್‌ಗೆ. ಇನ್ನೊಂದು ತುದಿ ಸಿಗೂ ಹೋಗಬೇಕು, ರಿಲೇ ಕಾಯಿಲ್‌ನ ಒಂದು ಬದಿಗೂ ಹೋಗಬೇಕು. ಡಬ್ಲ್ಯೂ ಕಾಯಿಲ್‌ನ ಮತ್ತೊಂದು ಬದಿಗೆ. ರಿಲೇಯ ಕಾಮನ್ ಮತ್ತು ನಾರ್ಮಲಿ ಓಪನ್ ಕಾಂಟ್ಯಾಕ್ಟ್ ಮಾತ್ರ ಸ್ಟವ್ ಸ್ಕ್ರೂಗಳಿಗೆ. ಟ್ರಾನ್ಸ್‌ಫಾರ್ಮರಿನ 24 ವೋಲ್ಟ್ ಅಪ್ಪಿತಪ್ಪಿ ಸ್ಟವ್ ಕಡೆ ಹೋದರೆ ಬೋರ್ಡ್ ಸತ್ತ ಹಾಗೆಯೇ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಥರ್ಮೋಸ್ಟಾಟ್ ಬಿಟ್ಟು ಎಲ್ಲ ಸಾಮಾನಿಗೆ 55-60 ಡಾಲರ್ ಆಗಿರಬೇಕು. ಮುಂದೆ ಯಾವಾಗ ತೊಂದರೆ ಬಂದರೂ ರಿಲೇ ವೈರ್ ಬಿಚ್ಚಿ, ಸ್ಟವ್ ಸ್ಕ್ರೂಗಳಿಗೆ ಹಳೆಯ ಜಂಪರ್ ಹಾಕಿ ನೋಡಿ. ಸ್ಟವ್ ಹೊತ್ತಿದರೆ ದೋಷ ಥರ್ಮೋಸ್ಟಾಟ್ ಕಡೆ, ಹೊತ್ತದಿದ್ದರೆ ಸ್ಟವ್ ಕಡೆ. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಪಾರ್ಟ್ ತರಿಸಿ ದುಡ್ಡು ಕಳೆಯಬೇಡಿ.

ಮೊದಲ ವರ್ಷ ಎರಡು ಇಗ್ನೈಟರ್ ತಿಂದದ್ದು ಸ್ವಿಂಗ್, ಅಂದರೆ ಕೋಣೆಯ ಶಾಖ ಎಷ್ಟು ಏರಿಳಿದರೆ ಥರ್ಮೋಸ್ಟಾಟ್ ಸ್ಟವ್ ಹೊತ್ತಿಸಿ ಆರಿಸಬೇಕು ಅನ್ನುವ ಅಂತರ. ಥರ್ಮೋಸ್ಟಾಟ್‌ಗಳು ಅರ್ಧ ಡಿಗ್ರಿ, ಒಂದು ಡಿಗ್ರಿ ಸ್ವಿಂಗ್‌ನಲ್ಲಿ ಬರುತ್ತವೆ. ಫರ್ನೇಸ್‌ಗೆ ಅದು ಸರಿ. ಪೆಲೆಟ್ ಸ್ಟವ್‌ನಲ್ಲಿ, ಥರ್ಮೋಸ್ಟಾಟ್ ಬಿಸಿ ಕೇಳಿದ ಮೇಲೆ ಕೋಣೆಗೆ ಬಿಸಿಗಾಳಿ ಬರಲು ಎಂಟು ಹತ್ತು ನಿಮಿಷ ಬೇಕು, ಸಾಕು ಅಂದ ಮೇಲೂ ಇಪ್ಪತ್ತು ನಿಮಿಷ ಬ್ಲೋವರ್ ಬಿಸಿ ತಳ್ಳುತ್ತಲೇ ಇರುತ್ತದೆ. ಹಾಗಾಗಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಸಲ ಹೊತ್ತಿ ಆರುತ್ತಿತ್ತು. ಸ್ವಿಂಗ್ 3 ಡಿಗ್ರಿಗೆ ಏರಿಸಿದ ಮೇಲೆ ಅದು ಆರೇಳಕ್ಕೆ ಇಳಿಯಿತು. ಕೆಲವು ಥರ್ಮೋಸ್ಟಾಟ್‌ಗಳಲ್ಲಿ ಸ್ವಿಂಗ್ ಅನ್ನುವ ಸೆಟ್ಟಿಂಗೇ ಇಲ್ಲ, ಗಂಟೆಗೆ ಎಷ್ಟು ಸೈಕಲ್ ಅಂತ ಇರುತ್ತದೆ. ಫೋರ್ಸ್ಡ್ ಏರ್‌ಗೆ (ಬಿಸಿಗಾಳಿಯ ಫರ್ನೇಸ್‌ಗೆ) ಅದು 5 ಅಥವಾ 6. ಅದನ್ನು ಸ್ಟೀಮ್ ಹೀಟಿಂಗ್‌ಗೆ ಇಡುವ 1ಕ್ಕೆ ತನ್ನಿ. ಹೇಳಿದ ಸಮಯಕ್ಕಿಂತ ಮೊದಲೇ ಕೋಣೆ ಬಿಸಿ ಮಾಡಲು ಹೊರಡುವ ಸ್ಮಾರ್ಟ್ ರಿಕವರಿಯನ್ನು ಆಫ್ ಮಾಡಿ. ರಾತ್ರಿ 3 ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ. ಗಂಟೆಗೆ 40 ಸಾವಿರ ಬಿಟಿಯು (ಶಾಖದ ಅಳತೆ) ಕೊಡುವ ಸ್ಟವ್ ಬೆಳಗಿನ ಚಳಿಯಲ್ಲಿ ಎಂಟು ಡಿಗ್ರಿ ಏರಿಸಲು ಮಧ್ಯಾಹ್ನದ ತನಕ ಹೈ ಮೇಲೆ ಉರಿಯುತ್ತದೆ. ರಾತ್ರಿ ಉಳಿಸಿದ ಪೆಲೆಟ್ ಅಲ್ಲೇ ಹೋಯಿತು.

ಇನ್ನು ಮೋಡ್, ಅಂದರೆ ಥರ್ಮೋಸ್ಟಾಟ್ ಮಾತಿಗೆ ಸ್ಟವ್ ಹೇಗೆ ನಡೆಯಬೇಕು ಅನ್ನುವುದು. ಅಕ್ಟೋಬರ್, ನವೆಂಬರ್, ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದ್ದರೆ ಆನ್-ಆಫ್. ಅದಕ್ಕಿಂತ ಚಳಿಯಾದರೆ ಹೈ-ಲೋ: ಬೇಡಿಕೆ ಮುಗಿದಾಗ ಸ್ಟವ್ ಆರುವುದಿಲ್ಲ, ಸಣ್ಣ ಉರಿಗೆ ಇಳಿಯುತ್ತದೆ. ಜನವರಿಯಲ್ಲಿ ದಿನಕ್ಕೊಮ್ಮೆ, ಪಾಟ್ ಕ್ಲೀನ್ ಮಾಡಿದ ಮೇಲೆ ಮಾತ್ರ ಇಗ್ನೈಟರ್‌ಗೆ ಕೆಲಸ. ಆದರೆ ಹೈ-ಲೋಗೆ ಅದರದೇ ರೋಗ ಇದೆ. ಲೋ ಉರಿ ತೀರಾ ಸಣ್ಣದಾದರೆ ಉರಿ ಇದೆಯೇ ಅಂತ ಶಾಖದಿಂದ ತಿಳಿಯುವ ಪ್ರೂಫ್ ಆಫ್ ಫೈರ್ ಸ್ವಿಚ್ ತಣ್ಣಗಾಗಿ ತೆರೆದುಕೊಳ್ಳುತ್ತದೆ, ಉರಿ ಇಲ್ಲ ಅಂತ ತಿಳಿದು ಬೋರ್ಡ್ ಎಲ್ಲ ನಿಲ್ಲಿಸುತ್ತದೆ, ಬೆಳಿಗ್ಗೆ ನಾಲ್ಕಕ್ಕೆ ಮನೆ 58. ಲೋ ಫೀಡ್ ಟ್ರಿಮ್ (ಸಣ್ಣ ಉರಿಗೆ ಎಷ್ಟು ಪೆಲೆಟ್ ಬೀಳಬೇಕು ಅನ್ನುವ ಸೆಟ್ಟಿಂಗ್) ಒಂದು ಮೆಟ್ಟಿಲು ಏರಿಸಿ ಅರ್ಧ ಗಂಟೆ ನೋಡಿ. ಪಾಟಿನ ಅಂಚಿನ ಮೇಲೆ ಎರಡು ಮೂರು ಇಂಚು ಹಳದಿ ಉರಿ ಚುರುಕಾಗಿ ಕುಣಿಯಬೇಕು. ತುದಿ ಕಪ್ಪಾಗಿ ಸೋಮಾರಿಯಾಗಿ ತೂಗಿದರೆ ಗಾಳಿ ಸಾಲದು. ಉರಿಗೆ ಗಾಳಿ ಬಿಡುವ ಡ್ಯಾಂಪರನ್ನು ಎಷ್ಟು ತೆರೆದಿದ್ದೇನೆ ಅನ್ನುವ ಲೆಕ್ಕ ಮಾತ್ರ ಇಲ್ಲಿ ಕೊಡುವುದಿಲ್ಲ. ಎರಡು ವರ್ಷ ಕೂತು ಹಿಡಿದದ್ದು ಅದು, ಮೇಲಾಗಿ ಹೊಗೆ ಪೈಪಿನ ಉದ್ದ, ತಿರುವು (ಎಲ್ಬೋ) ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ.

ಥರ್ಮೋಸ್ಟಾಟ್ ಇರುವ ಜಾಗ ಸೆಟ್ಟಿಂಗಿನಷ್ಟೇ ಮುಖ್ಯ. ಸ್ಟವ್ ಕಾಣುವ ಗೋಡೆಗೆ ಹಾಕಿದರೆ ಅದು ಸ್ಟವ್‌ನ ಶಾಖ ಅಳೆಯುತ್ತದೆ, ಮನೆಯದ್ದನ್ನಲ್ಲ. ಪಕ್ಕದ ಕೋಣೆಯ ಒಳಗೋಡೆ, ನೆಲದಿಂದ ಐದಡಿ, ಬ್ಲೋವರ್ ಗಾಳಿ ನೇರ ಬಡಿಯದ ಕಡೆ. ವೈರ್ ಬರುವ ತೂತಿನ ಹಿಂದಿನಿಂದ ಚಳಿಗಾಳಿ ಬಂದರೆ ರೀಡಿಂಗ್ ಎರಡು ಡಿಗ್ರಿ ತಪ್ಪುತ್ತದೆ, ತೂತಿಗೆ ಒಂದಿಷ್ಟು ಪುಟ್ಟಿ ಮೆತ್ತಿ.

ಆನ್-ಆಫ್ ಓಡಿಸುವವರು ಪಾಟ್ ವಿಷಯದಲ್ಲಿ ಸೋಮಾರಿಯಾಗುವ ಹಾಗಿಲ್ಲ. ಆರಿದ ಪ್ರತಿ ಸಲ ತಳದಲ್ಲಿ ಒಂದು ಪದರ ಬೂದಿ ಉಳಿಯುತ್ತದೆ. ನಾಲ್ಕೈದು ಸಲಕ್ಕೆ ಅದು ಕರಗಿ, ಜೋನಿಬೆಲ್ಲ ಹೆಪ್ಪುಗಟ್ಟಿದ ಹಾಗೆ ಕ್ಲಿಂಕರ್ ಆಗಿ ಗಾಳಿ ತೂತುಗಳನ್ನು ಮುಚ್ಚುತ್ತದೆ. ಆಮೇಲೆ ಪೆಲೆಟ್ ಹೊತ್ತದೆ ರಾಶಿ ಬೀಳುತ್ತದೆ, ಬರೀ ಹೊಗೆ ತುಂಬುತ್ತದೆ, ಒಂದು ಕ್ಷಣದಲ್ಲಿ ಆ ಹೊಗೆಗೇ ಬೆಂಕಿ ಹತ್ತಿ ಬಾಗಿಲು ಅದುರುತ್ತದೆ. ಪಾಟಿನಲ್ಲಿ ಹೊತ್ತದ ರಾಶಿ ಕಂಡರೆ ರೀಸ್ಟಾರ್ಟ್ ಒತ್ತಬೇಡಿ, ತಣ್ಣಗಾದ ಮೇಲೆ ಖಾಲಿ ಮಾಡಿ. ತೂತುಗಳನ್ನು ಚುಚ್ಚಿ ಬಿಡಿಸಲು ಆಲನ್ ಕೀ (ಸ್ಕ್ರೂ ಬಿಚ್ಚುವ ಎಲ್ ಆಕಾರದ ಕಡ್ಡಿ) ಸಾಕು. ಅಗ್ಗದ ಪೆಲೆಟ್ ಚೀಲಕ್ಕೆ ಒಂದು ಡಾಲರ್ ಉಳಿಸುತ್ತದೆ, ಆದರೆ ದಿನಕ್ಕೊಮ್ಮೆ ಸಾಲುತ್ತಿದ್ದ ಕೆರೆತ ಮೂರು ಸಲವಾಗುತ್ತದೆ.

ದುಡ್ಡಿನ ಲೆಕ್ಕ ನೆನಪಿನಿಂದ: ಥರ್ಮೋಸ್ಟಾಟ್ ಇಲ್ಲದೆ ಚಳಿಗಾಲಕ್ಕೆ ನಾಲ್ಕು ಟನ್, ಅಂದರೆ 40 ಪೌಂಡಿನ 200 ಚೀಲ. ಈಗ ಮೂರು ಟನ್ ಮೇಲೆ ಹತ್ತು ಹನ್ನೆರಡು ಚೀಲ. ಟನ್ನಿಗೆ 330 ಡಾಲರ್ ಹಿಡಿದರೂ ವರ್ಷಕ್ಕೆ 250ರ ಆಸುಪಾಸು ಉಳಿತಾಯ. ಸುಟ್ಟುಹೋದ ಎರಡು ಇಗ್ನೈಟರ್‌ಗೆ ನೂರರ ಮೇಲೆ ಹೋಗಿತ್ತು, ಅದನ್ನೂ ಸೇರಿಸಿಯೇ ಮೊದಲ ಸರಿಯಾದ ಚಳಿಗಾಲದಲ್ಲಿ ಎಲ್ಲ ವಾಪಸ್ ಬಂತು.

ದೂರದ ಮಲಗುವ ಕೋಣೆ ಬೆಚ್ಚಗಾಗಲು ಫ್ಯಾನ್ ಪ್ರಯೋಗವೂ ನಡೆಯಿತು. ಸ್ಟವ್ ಪಕ್ಕ ಫ್ಯಾನ್ ಇಟ್ಟು ಬಿಸಿಗಾಳಿ ತಳ್ಳಿದರೆ ಏನೂ ಆಗಲಿಲ್ಲ. ತಣ್ಣನೆಯ ಕೋಣೆಯ ಬಾಗಿಲಲ್ಲಿ, ನೆಲದ ಮೇಲೆ, ಸಣ್ಣ ಟೇಬಲ್ ಫ್ಯಾನನ್ನು ಸ್ಟವ್ ಕಡೆ ಮುಖ ಮಾಡಿ ನಿಧಾನಕ್ಕೆ ಓಡಿಸಿದಾಗ ಎರಡು ಗಂಟೆಯಲ್ಲಿ ಕೋಣೆ 4 ಡಿಗ್ರಿ ಏರಿತು. ಊದುಬತ್ತಿ ಹಚ್ಚಿ ಬಾಗಿಲ ಮೇಲಂಚಿಗೆ ಹಿಡಿದು ನೋಡಿ, ಹೊಗೆ ಒಳಗೆ ಹೋಗುತ್ತದೆ. ಕೆಳಗೆ ಹಿಡಿದರೆ ಸ್ಟವ್ ಕಡೆ ಓಡುತ್ತದೆ.

ಕರೆಂಟ್ ಹೋದಾಗ ಎಕ್ಸಾಸ್ಟ್ ಬ್ಲೋವರ್ ನಿಂತು ಹೊಗೆ ಮನೆಯೊಳಗೆ ಬರುತ್ತದೆ. ಸಣ್ಣ ಪ್ಯೂರ್ ಸೈನ್‌ವೇವ್ ಯುಪಿಎಸ್ ಇದ್ದರೆ ಸ್ಟವ್ ಸರಿಯಾಗಿ ಆರುವ ತನಕ ಬ್ಲೋವರ್ ಓಡುತ್ತದೆ. ಇಗ್ನೈಟರ್ 300 ವ್ಯಾಟ್ ಎಳೆಯುವುದರಿಂದ ಅದರ ಮೇಲೆ ಮತ್ತೆ ಹೊತ್ತಿಸಲು ಹೋಗಬೇಡಿ. ಕರೆಂಟ್ ಹೋದ ಕೂಡಲೇ ಥರ್ಮೋಸ್ಟಾಟ್ ಆಫ್ ಮಾಡಿ, ಇಲ್ಲದಿದ್ದರೆ ಕರೆಂಟ್ ಬಂದಾಗ ಅರೆಬೆಂದ ಪೆಲೆಟ್ ಮೇಲೆ ಹೊಸ ಪೆಲೆಟ್ ಸುರಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮಿನ ಬ್ಯಾಟರಿಯನ್ನು ಪ್ರತಿ ಅಕ್ಟೋಬರಿನಲ್ಲಿ ಬದಲಿಸಿ.

ಆಯಿಲ್ ಬಾಯ್ಲರ್ (ನೀರು ಕಾಯಿಸಿ ಪೈಪ್‌ಗಳಲ್ಲಿ ಹರಿಸಿ ಮನೆ ಬಿಸಿ ಮಾಡುವ ಯಂತ್ರ) ಇರುವ ಮನೆಯವರಿಗೆ ಇನ್ನೊಂದು. ಬಾಯ್ಲರ್ ಥರ್ಮೋಸ್ಟಾಟ್ ಸ್ಟವ್ ಇರುವ ಮಹಡಿಯಲ್ಲೇ ಇದ್ದರೆ ಅದು ಬೆಚ್ಚಗೆ ಕೂತು ಬಾಯ್ಲರನ್ನು ಕರೆಯುವುದೇ ಇಲ್ಲ. ಅಷ್ಟರಲ್ಲಿ ಹೊರಗೋಡೆಯ ಬುಡದಲ್ಲಿ ಹಾಯುವ ಬೇಸ್‌ಬೋರ್ಡ್ ಪೈಪ್ ಹೆಪ್ಪುಗಟ್ಟಿ ಒಡೆಯುತ್ತದೆ. ಹೊರಗೆ 10 ಡಿಗ್ರಿಗಿಂತ ಇಳಿದ ರಾತ್ರಿ, ಎರಡು ಮೂರು ಗಂಟೆಗೊಮ್ಮೆ ಹತ್ತು ನಿಮಿಷ ಬಾಯ್ಲರ್ ನೀರು ಎಲ್ಲ ಝೋನ್‌ಗಳಲ್ಲೂ (ಮನೆಯ ಬೇರೆ ಬೇರೆ ಭಾಗದ ಪೈಪ್ ಸುತ್ತುಗಳಲ್ಲೂ) ಸುತ್ತುವ ಹಾಗೆ ಟೈಮರ್ ಇಡಿ. ಪೈಪ್ ಒಡೆದರೆ ಆಗುವ ಖರ್ಚಿನ ಮುಂದೆ ಆ ಹತ್ತು ನಿಮಿಷದ ಆಯಿಲ್ ಲೆಕ್ಕಕ್ಕೇ ಇಲ್ಲ.