ಗೋ-ದೈಗೋ ಚಕ್ರವರ್ತಿಯ ಕಥೆ ಗೊಂದಲ ಇಲ್ದೆ ಓದ್ಕೊಳ್ಳೋದು ಹೇಗೆ

ಜಪಾನಿನ ಮಧ್ಯಕಾಲದ ಇತಿಹಾಸದಲ್ಲಿ ತಲೆ ಕೆಡಿಸೋದು ಗೋ-ದೈಗೋ ಕಾಲ, ಅಷ್ಟೊಂದು ಹೆಸರು, ದಿನಕ್ಕೊಬ್ಬ ಪಕ್ಷ ಬದಲಾಯಿಸ್ತಾನೆ. ಇಸವಿ ಬಾಯಿಪಾಠ ಮಾಡೋಕೆ ಹೋಗ್ಬೇಡಿ, ಮೊದ್ಲು ಮನೆ ಜಗಳ ಅರ್ಥ ಮಾಡ್ಕೊಳ್ಳಿ.

ರಾಜಮನೆತನ ಆಗ್ಲೇ ಜಿಮ್ಯೋಇನ್, ದೈಕಾಕುಜಿ ಅಂತ ಎರಡು ಕವಲಾಗಿತ್ತು, ಪಟ್ಟ ಸರದಿ ಮೇಲೆ ಹೋಗ್ತಿತ್ತು, ಆದ್ರೆ ನಿಜವಾದ ಅಧಿಕಾರ ಇದ್ದದ್ದು ಕಾಮಾಕುರಾದಲ್ಲಿ ಸಮುರಾಯ್ ಸರ್ಕಾರ ನಡೆಸ್ತಿದ್ದ ಹೋಜೋ ಮನೆತನದ ಕೈಲಿ. 1318ರಲ್ಲಿ ದೈಕಾಕುಜಿ ಕವಲಿನ ಗೋ-ದೈಗೋನ ಪಟ್ಟದಲ್ಲಿ ಕೂರಿಸಿದ್ದು ಅಣ್ಣನ ಮಗ ದೊಡ್ಡವನಾಗೋ ತನಕ ಇರ್ಲಿ ಅಂತ. ತನ್ನ ಮಕ್ಕಳಿಗೇ ಪಟ್ಟ ಸಿಗ್ಬೇಕಂದ್ರೆ ಕಾಮಾಕುರಾ ಸರ್ಕಾರನೇ ಬೀಳ್ಬೇಕು. ಇದೊಂದು ಎಳೆ ಕೈಗೆ ಸಿಕ್ರೆ ಸಾಕು.

ಆಮೇಲೆ ಮ್ಯಾಪಲ್ಲಿ ಕ್ಯೋಟೋ, ಕಸಾಗಿ, ಓಕಿ ದ್ವೀಪ, ಯೋಶಿನೋ ಗುರುತು ಹಾಕ್ಕೊಳ್ಳಿ. 1331ರಲ್ಲಿ ಸಂಚು ಬಯಲಾಗಿ ಕಸಾಗಿ ಬೆಟ್ಟಕ್ಕೆ ಓಡ್ದ, ಸಿಕ್ಕಿಬಿದ್ದ, 1332ರಲ್ಲಿ ಓಕಿಗೆ ಗಡೀಪಾರು, ಮರುವರ್ಷ ಅಲ್ಲಿಂದ್ಲೂ ತಪ್ಪಿಸ್ಕೊಂಡ. ಅವನ ಮೇಲೆ ಹೋಜೋಗಳು ಕಳಿಸಿದ ಸೇನಾನಿ ಅಶಿಕಾಗಾ ತಕೌಜಿ ಅವನ ಕಡೆಗೇ ಸೇರ್ಕೊಂಡ, ಅತ್ತ ಇನ್ನೊಬ್ಬ ಸೇನಾನಿ ನಿತ್ತಾ ಯೋಶಿಸಾದಾ ಕಾಮಾಕುರಾ ಕೆಡವಿದ.

ಇಲ್ಲಿ ಸ್ವಲ್ಪ ನಿಧಾನಿಸಿ, ನನ್ನ ಪ್ರಕಾರ ಕಥೆಯ ಜೀವ ಇರೋದೇ 1333ರಿಂದ 1336ರ ಕೆನ್ಮು ಆಡಳಿತದಲ್ಲಿ, ಅಂದ್ರೆ ಗೋ-ದೈಗೋ ತಾನೇ ನೇರವಾಗಿ ಆಳಿದ ಕಾಲದಲ್ಲಿ. ಪ್ರತಿ ಜಮೀನಿನ ಹಕ್ಕಿಗೂ ಚಕ್ರವರ್ತಿಯ ಆಜ್ಞಾಪತ್ರನೇ ಬೇಕು ಅಂದ, ಅರ್ಜಿ ಹಿಡ್ಕೊಂಡು ಜನ ಕ್ಯೋಟೋಗೆ ಮುಗಿಬಿದ್ರು, ಮೇಲಿಂದ ಹೊಸ ಅರಮನೆಗೆ ತೆರಿಗೆ ಬೇರೆ. ಅರಮನೆ ಹತ್ರ ನಿಜೋ ನದೀತೀರದಲ್ಲಿ ಯಾರೋ ಒಂದು ಬರಹ ಹಚ್ಚಿದ್ರು, ಈಗ ರಾಜಧಾನೀಲಿ ಹೆಚ್ಚಾಗಿರೋದು ರಾತ್ರಿ ದಾಳಿ, ದರೋಡೆ, ನಕಲಿ ಆಜ್ಞಾಪತ್ರ ಅಂತ. ಹೋರಾಡಿದ ಸಮುರಾಯ್‌ಗಳಿಗೆ ತಕ್ಕ ಪ್ರತಿಫಲ ಸಿಗ್ಲಿಲ್ಲ, ಆ ಸಿಟ್ಟೇ ಈಗ ಗೋ-ದೈಗೋ ವಿರುದ್ಧ ತಿರುಗಿಬಿದ್ದ ತಕೌಜಿಗೆ ಬಲವಾಯ್ತು.

1336ರಲ್ಲಿ ಮಿನಾತೋಗಾವಾ ಯುದ್ಧದಲ್ಲಿ ಗೋ-ದೈಗೋನ ನಂಬಿಕಸ್ಥ ಸೇನಾನಿ ಕುಸುನೋಕಿ ಮಸಶಿಗೆ ತಕೌಜಿ ವಿರುದ್ಧ ಹೋರಾಡಿ ಸತ್ತ, ಗೋ-ದೈಗೋ ಕೊನೆಗೆ ಯೋಶಿನೋ ಬೆಟ್ಟಕ್ಕೆ ತಪ್ಪಿಸ್ಕೊಂಡು ಹೋಗಿ, ತಕೌಜಿ ಕಡೆಗೆ ಕೊಟ್ಟ ರಾಜಚಿಹ್ನೆಗಳು ನಕಲಿ, ನಾನೇ ಚಕ್ರವರ್ತಿ ಅಂದ. 1339ರಲ್ಲಿ ಅಲ್ಲೇ ತೀರ್ಕೊಂಡ. ಯೋಶಿನೋಗೆ ಹೋದ್ರೆ ನ್ಯೋಇರಿಂಜಿ ದೇವಸ್ಥಾನದ ಹಿಂದಿನ ಸಮಾಧಿ ತಪ್ಪದೆ ನೋಡಿ, ಬೇರೆ ಚಕ್ರವರ್ತಿಗಳ ಸಮಾಧಿ ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿದ್ರೆ ಇದು ಮಾತ್ರ ಉತ್ತರಕ್ಕೆ, ಕ್ಯೋಟೋ ಕಡೆಗೆ. ಅವನ ಆತ್ಮಶಾಂತಿಗೆ ಕ್ಯೋಟೋದಲ್ಲಿ ತೆನ್‌ರ್‍ಯೂಜಿ ಕಟ್ಟಿಸಿದ್ದು ಅದೇ ತಕೌಜಿ.

ಚಕ್ರವರ್ತಿಗಳ ಪಟ್ಟಿ ನೋಡುವಾಗ ಹುಷಾರು. 1392ರ ತನಕ ಎರಡು ಆಸ್ಥಾನ ಇತ್ತು, ಯೋಶಿನೋದಲ್ಲಿ ಗೋ-ದೈಗೋ ಶುರು ಮಾಡಿದ್ದು ದಕ್ಷಿಣದ್ದು, ಕ್ಯೋಟೋದಲ್ಲಿ ತಕೌಜಿ ಬೆಂಬಲದ ಜಿಮ್ಯೋಇನ್ ಕವಲಿನದ್ದು ಉತ್ತರದ್ದು, 1911ರಲ್ಲಿ ದಕ್ಷಿಣದ್ದೇ ಸರಿ ಅಂತ ತೀರ್ಮಾನ ಆಯ್ತು, ಹಾಗಾಗಿ ಗೋ-ದೈಗೋ 96ನೆಯವನು, ಮಗ ಗೋ-ಮುರಾಕಾಮಿ 97ನೆಯವನು, ಉತ್ತರದವರ ಪಟ್ಟಿ ಬೇರೆ. ಆದ್ರೆ ಈಗಿನ ರಾಜಮನೆತನ ಬಂದಿರೋದು ಆ ಉತ್ತರದ ಕವಲಿಂದ್ಲೇ.