ನಾಲ್ಕೂ ಕಡೆ ನೀರಿದೆಯಾ?

ನಮ್ಮ ದಾವಣಗೆರೆಯಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದ ಕೂಡಲೇ ಜಲಾಶಯದ ಮಟ್ಟ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಭದ್ರಾ 186 ಅಡಿಯಲ್ಲಿ ಈಗ ಎಷ್ಟಿದೆ, ಬೇಸಿಗೆ ಭತ್ತಕ್ಕೆ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅನ್ನುವುದು ಅವರ ಚಿಂತೆ. ಹೊನ್ನಾಳಿ ಕಡೆಯವರಾದ ನಮ್ಮತ್ತೆ ಕನ್ನಡಕ ಹಾಕಿಕೊಂಡು ಮೊದಲು ಓದುವುದೇ ಅದನ್ನು. ಅವರಾದ ಮೇಲೆ ಪೇಪರ್ ನನ್ನ ಕೈಗೆ ಬರುತ್ತದೆ. ನಾನು ಅದೇ ಪಟ್ಟಿಯಲ್ಲಿ ಶರಾವತಿಯ ಲಿಂಗನಮಕ್ಕಿ ಹುಡುಕುತ್ತೇನೆ. ನಮಗೆ ಅಲ್ಲಿ ಗದ್ದೆಯೂ ಇಲ್ಲ, ತೋಟವೂ ಇಲ್ಲ. ನಡುಗಡ್ಡೆಯ ಮೇಲೆ ಟೆಂಟ್ ಹಾಕಿ ಮಲಗುವ ಹುಚ್ಚು ಹಿಡಿದ ಮೇಲೆ ಅಂಟಿದ ಅಭ್ಯಾಸ ಇದು.

ಮೊದಲ ಸಲ ಹೋದಾಗ ಈ ಅಭ್ಯಾಸ ಇರಲಿಲ್ಲ. ಮಲೆನಾಡಿನ ಒಂದು ಹಿನ್ನೀರು, ಅಲ್ಲೊಂದು ಕ್ಯಾಂಪ್. ಹೆಸರು ಬೇಡ ಬಿಡಿ. ಫೋಟೋದಲ್ಲಿ ನೀಲಿ ನೀರಿನ ನಡುವೆ ಹಸಿರು ಗುಡ್ಡೆ, ಅದರ ಮೇಲೆ ಎರಡು ಕಿತ್ತಳೆ ಟೆಂಟ್. ಮುಂಗಡ ಕಟ್ಟಿದೆವು. ಮೇ ತಿಂಗಳಲ್ಲಿ ಹೋಗಿ ನೋಡಿದರೆ, ಫೋಟೋದ ಗುಡ್ಡೆ ಇತ್ತು, ನೀರು ಮಾತ್ರ ಇರಲಿಲ್ಲ. ಬಿರುಕು ಬಿಟ್ಟ ಕೆಸರಿನ ಮೇಲೆ ದಡದಿಂದ ನಡೆದುಕೊಂಡೇ ಹೋದೆವು. ಹಿಂದೆಯೇ ನಾಲ್ಕು ಎಮ್ಮೆಗಳೂ ಬಂದವು. ‘ಅಕ್ಕಾ, ನಡುಗಡ್ಡೆಗೆ ಎಮ್ಮೆ ಹೆಂಗೆ ಬಂತು?’ ಅಂತ ನನ್ನ ತಮ್ಮ ಇವತ್ತಿಗೂ ಆಡಿಕೊಳ್ಳುತ್ತಾನೆ. ಫೋಟೋ ತೆಗೆದದ್ದು ಮಳೆಗಾಲ ಮುಗಿದ ಹೊತ್ತಲ್ಲಿ ಇರಬೇಕು. ಕೇಳಲಿಲ್ಲವಲ್ಲ, ತಪ್ಪು ನನ್ನದೂ ಇದೆ.

ಮುಂದಿನ ವರ್ಷ ಬೇಸಿಗೆ ರಜಕ್ಕೆ ಎರಡು ತಿಂಗಳು ಮೊದಲೇ ಕೂತು ಯೋಚಿಸಿದೆ. ನಾವು ಏಳು ಜನ. ನಾನು, ನಮ್ಮನೆಯವರು, ತಮ್ಮ, ಅವನ ಹೆಂಡತಿ, ಮೂವರು ಮಕ್ಕಳು. ಮಕ್ಕಳು ಮೊದಲು ಹೇಳಿದ್ದು ಲಕ್ಷದ್ವೀಪ. ಅಲ್ಲಿಗೆ ಪ್ರವೇಶ ಪರವಾನಗಿ ಬೇಕು, ಹೋಗಿ ಬರುವುದಕ್ಕೇ ನಮ್ಮ ರಜ ಮುಗಿಯುತ್ತದೆ, ಖರ್ಚಂತೂ ಕೇಳಲೇಬೇಡಿ. ಆಮೇಲೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಕಂಬ ಜೋಡಿಸಿಟ್ಟ ಹಾಗೆ ನಿಂತಿರುವ ಆ ಲಾವಾ ಕಲ್ಲುಗಳನ್ನು ಒಮ್ಮೆ ನೋಡಲೇಬೇಕು. ಆದರೆ ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಸಂಜೆ ದೋಣಿಯಲ್ಲಿ ವಾಪಸ್ ಬರಲೇಬೇಕು.

ತಮ್ಮನಿಗೆ ವಾಣಿ ವಿಲಾಸ ಸಾಗರದ ಮೇಲೆ ಮನಸ್ಸಿತ್ತು. 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ನಮ್ಮ ಕಡೆಯವರೆಲ್ಲ ಜಾತ್ರೆ ಥರ ಹೋಗಿ ಬಂದಿದ್ದರು, ಅವನೂ ಹೋಗಿದ್ದ. ಹಿರಿಯೂರು ಹತ್ತಿರ, ಪೆಟ್ರೋಲ್ ಉಳಿಯುತ್ತೆ ಅಂದ. ನಾನು ಒಪ್ಪಲಿಲ್ಲ. ಬಯಲು ಸೀಮೆಯ ಬಂಡೆ ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಎಷ್ಟು ಹೊತ್ತಾದರೂ ಶಾಖ ಕಾರುತ್ತಲೇ ಇರುತ್ತದೆ. ಚಿತ್ರದುರ್ಗದ ಕೋಟೆ ಹತ್ತಿ, ಸಂಜೆ ಏಳಕ್ಕೆ ಬಂಡೆ ಮೇಲೆ ಕೂತವರಿಗೆ ಇದು ಗೊತ್ತು. ಏಪ್ರಿಲ್‌ನಲ್ಲಿ ಅಂಥ ಕಡೆ ಟೆಂಟ್ ಹಾಕಿದರೆ ಒಳಗೆ ಬೇಯುತ್ತೇವೆ ಅಷ್ಟೇ. ಟೆಂಟ್‌ಗೆ ಮರದ ನೆರಳು ಬೇಕು, ಕಾಲಡಿ ಮಣ್ಣು ಬೇಕು.

ಹಾಗಾಗಿ ಉಳಿದದ್ದು ಶರಾವತಿ ಹಿನ್ನೀರು. ಹೊನ್ನೆಮರಡು ಎಲ್ಲರೂ ಹೇಳುವ ಹೆಸರು, ನಮಗೆ ಬೇಕಾದ ದಿನ ಅಲ್ಲಿ ಆಗಲಿಲ್ಲ. ಸಾಗರ ತಾಲೂಕಿನಲ್ಲೇ ಇನ್ನೂ ಮೂರು ಕಡೆಯ ನಂಬರ್ ಸಿಕ್ಕವು.

ಫೋನ್ ಮಾಡುವ ಮೊದಲು ಪೇಪರ್ ನೋಡಿದೆ, ಅದರ ಲೆಕ್ಕ ಹೀಗೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ಅಲ್ಲಿಂದ ಮೂವತ್ತು ನಲವತ್ತು ಅಡಿ ಇಳಿಯುವುದು ಮಾಮೂಲು. ಆ ನೀರು ಮುಖ್ಯವಾಗಿ ಕರೆಂಟ್‌ಗೆ. ಶರಾವತಿ ವಿದ್ಯುದಾಗಾರವೊಂದೇ 1035 ಮೆಗಾವ್ಯಾಟ್‌ನದು. ಮಳೆಗಾಲ ಮುಗಿದ ಮೇಲೆ ಒಳಹರಿವು ಕಮ್ಮಿ, ಬೇಸಿಗೆಯಲ್ಲಿ ಕರೆಂಟ್ ಬೇಡಿಕೆ ಜಾಸ್ತಿ. ಅಂದರೆ ದಾವಣಗೆರೆಯಲ್ಲಿ ನಾವು ಫ್ಯಾನ್ ತಿರುಗಿಸಿದಷ್ಟೂ ಸಾಗರದ ನಡುಗಡ್ಡೆ ದಡದ ಕಡೆಗೆ ಬರುತ್ತಾ ಹೋಗುತ್ತದೆ! ನೀರು ತೀರಾ ಇಳಿದ ವರ್ಷ ಮುಳುಗಿಹೋದ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆದ್ದು ಕಾಣಿಸುತ್ತದೆ. ಆದ್ದರಿಂದ ಪ್ರತಿ ವಾರ ಪೇಪರ್‌ನಲ್ಲಿನ ಮಟ್ಟ ಬರೆದಿಟ್ಟುಕೊಂಡೆ. ವಾರಕ್ಕೆ ಎಷ್ಟು ಇಳಿಯುತ್ತಿದೆ ಅಂತ ಗೊತ್ತಾದರೆ, ನಾವು ಹೋಗುವ ಹೊತ್ತಿಗೆ ಎಲ್ಲಿರುತ್ತದೆ ಅನ್ನುವುದು ಸುಮಾರಾಗಿ ಸಿಗುತ್ತದೆ.

ಮೂರೂ ಕಡೆಗೆ ಫೋನ್ ಮಾಡಿ ಮೊದಲು ಕೇಳಿದ್ದು ಒಂದೇ. ‘ಏಪ್ರಿಲ್ ಮೂರನೇ ವಾರ ನಿಮ್ಮ ನಡುಗಡ್ಡೆಗೆ ನಾಲ್ಕೂ ಕಡೆ ನೀರಿರುತ್ತಾ?’ ಒಬ್ಬರು ‘ಇರುತ್ತೆ ಮೇಡಂ, ಸೂಪರಾಗಿರುತ್ತೆ’ ಅಂದರು. ಲಿಂಗನಮಕ್ಕಿ ಎಷ್ಟು ಅಡಿಗೆ ಇಳಿದರೆ ನಡುಗಡ್ಡೆ ದಡಕ್ಕೆ ಬೆಸೆದುಕೊಳ್ಳುತ್ತೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಬಿಟ್ಟೆ. ಎರಡನೆಯವರಲ್ಲಿ ನೀರಿನ ವಿಷಯ ಸರಿಯಿತ್ತು, ಆದರೆ ರಾತ್ರಿ ದೋಣಿ ದಡಕ್ಕೆ ಹೋಗಿಬಿಡುತ್ತದೆ, ಬೆಳಿಗ್ಗೆ ಎಂಟಕ್ಕೆ ಬರುತ್ತದೆ. ಮಗುವಿಗೆ ಮಧ್ಯರಾತ್ರಿ ವಾಂತಿಯಾದರೆ? ಹಾವು ಕಚ್ಚಿದರೆ? ನಾನಂತೂ ಈ ಒಂದು ವಿಷಯದಲ್ಲಿ ರಾಜಿಯಾಗುವುದಿಲ್ಲ. ದೋಣಿ, ಅದನ್ನು ನಡೆಸುವವರು, ಇಬ್ಬರೂ ನಮ್ಮ ಜೊತೆಯಲ್ಲೇ ರಾತ್ರಿ ಇರಬೇಕು.

ಮೂರನೆಯವರು ಹಳ್ಳಿಯವರು, ಮಾತು ಕಮ್ಮಿ. ‘ಈಗ ದೊಡ್ಡ ಗುಡ್ಡೆ ಕೂಡಿಕೊಂಡಿದೆ ಅಮ್ಮಾ, ಅದು ಬೇಡ. ಆಚೆ ಸಣ್ಣದೊಂದಿದೆ, ಅದರ ಸುತ್ತ ಆಳ ಇದೆ. ಫೋಟೋದಲ್ಲಿ ಚಂದ ಕಾಣಲ್ಲ’ ಅಂದರು. ಆಗಲೇ ನನಗೆ ಮನಸ್ಸು ಕೂತಿತು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂದದ್ದಕ್ಕೆ ಮಕ್ಕಳ ತೂಕ ಕೇಳಿದರು. ಅರಣ್ಯ ಇಲಾಖೆಯ ಒಪ್ಪಿಗೆ ಇರುವ ಜಾಗವಾ ಅಂದೆ, ಅದರ ಕಾಗದವನ್ನೂ ಕಳಿಸಿದರು. ಆ ಕಣಿವೆಯಲ್ಲಿ ಅಭಯಾರಣ್ಯ ಇದೆ, ಸುಮ್ನೆ ಎಲ್ಲಿ ಬೇಕಾದರೂ ಟೆಂಟ್ ಹೊಡೆಯುವ ಹಾಗಿಲ್ಲ.

ಒಂದು ತೊಡಕು ಉಳಿದಿತ್ತು, ಕಕ್ಕಸಿನದು. ಗುಂಡಿ ತೋಡಿ ಹೋಗುವುದಾದರೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಇರಬೇಕು. ಸಣ್ಣ ನಡುಗಡ್ಡೆಯಲ್ಲಿ ಅಷ್ಟು ದೂರ ಎಲ್ಲಿಂದ ತರುವುದು? ಬೆಳಿಗ್ಗೆ ಸಂಜೆ ತೆಪ್ಪದಲ್ಲಿ ದಡಕ್ಕೆ ಹೋಗಿ ಬರುವುದು ಅಂತ ಮಾತಾಯಿತು. ನಾದಿನಿಗೆ ಇದು ಸ್ವಲ್ಪವೂ ಇಷ್ಟವಾಗಲಿಲ್ಲ, ಆದರೂ ಒಪ್ಪಿದಳು.

ದಿನ ಗೊತ್ತು ಮಾಡಿದ್ದು ನಮ್ಮತ್ತೆ. ಫೋನ್ ಮಾಡುವ ಮೊದಲು ನಾನು ಏಪ್ರಿಲ್ ಕೊನೆ ಅಂದಿದ್ದೆ. ‘ಅಲ್ಲವ್ವಾ, ಭರಣಿ ಮಳೆ ಹುಟ್ಟೋ ಹೊತ್ತಿಗೆ ಮಕ್ಕಳನ್ನ ನೀರಿನ ನಡುವೆ ಮಲಗಿಸ್ತೀಯಾ?’ ಅಂದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವುದು ರೈತರಿಗೆ ಸರಿ. ಟೆಂಟ್‌ನಲ್ಲಿ ಮಲಗುವವರಿಗೆ ಅದು ಗುಡುಗು ಸಿಡಿಲಿನ ಮಳೆ. ಒಂದು ವಾರ ಹಿಂದಕ್ಕೆ ತಂದೆವು. ಹಾಗಂತ ಅದಕ್ಕಿಂತ ಮೊದಲಿನ ಅಶ್ವಿನಿ ಮಳೆ ಸುಮ್ನಿರುತ್ತೆ ಅಂತೇನೂ ಅಲ್ಲ.

ಹೊರಡುವ ಹಿಂದಿನ ಭಾನುವಾರ ಮಾಳಿಗೆ ಮೇಲೆ ಟೆಂಟ್ ಹಾಕಿ ನೋಡಿದೆವು. ಒಂದರ ಕೋಲು ಮುರಿದಿತ್ತು. ಊಟಕ್ಕೆ ಒಲೆ ಬೇಡ ಅಂತ ತೀರ್ಮಾನ. ಒಣ ಹುಲ್ಲಿನ ನಡುವೆ ಬೆಂಕಿ ಯಾಕೆ? ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಒಂದು ಚೀಲ ಮಂಡಕ್ಕಿ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ತುಂಬಿಕೊಂಡೆವು.

ಬೆಳಗಿನ ಜಾವ ಹೊರಟು, ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ದಡ ಸೇರಿದಾಗ ಹತ್ತು ಗಂಟೆ. ನಡುಗಡ್ಡೆ ನಿಜಕ್ಕೂ ಚಂದ ಇರಲಿಲ್ಲ. ನೀರು ಇಳಿಯುತ್ತಾ ಹೋದ ಗುರುತುಗಳು ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದವು. ಕೆಳಗಿನ ಮೆಟ್ಟಿಲು ಮೆತ್ತಗೆ, ಸಮ. ತಮ್ಮ ಅಲ್ಲೇ ಟೆಂಟ್ ಬಿಡಿಸಲು ಹೋದ. ಕಾಲಿಟ್ಟರೆ ಮೊಣಕಾಲವರೆಗೆ ಹೂತಿತು. ಮೇಲೆ ಜಂಬಿಟ್ಟಿಗೆ ಕಲ್ಲಿನ ನೆಲ, ಗೂಟವೇ ಇಳಿಯದು. ಕೊನೆಗೆ ಹಗ್ಗಗಳನ್ನು ದೊಡ್ಡ ಕಲ್ಲುಗಳಿಗೆ ಬಿಗಿದೆವು. ಎತ್ತರದ ಒಂಟಿ ಮರದ ಕೆಳಗೆ ಒಳ್ಳೆಯ ನೆರಳಿತ್ತು, ಅದನ್ನು ಬಿಟ್ಟೆವು, ಸಿಡಿಲು ಹುಡುಕುವುದು ಅಂಥದ್ದನ್ನೇ. ಗಿಡ್ಡ ಮರಗಳ ಗುಂಪಿನ ಪಕ್ಕ, ಸ್ವಲ್ಪ ಇಳಿಜಾರಲ್ಲಿ, ಅಗಲದ ಬದಿ ಗಾಳಿಗೆ ಸಿಗದಂತೆ ಹಾಕಿದೆವು. ಮಕ್ಕಳಿಗೆ ಈಜಲು ಜಾಗ ತೋರಿಸಿದ್ದು ದೋಣಿಯವರು. ಹಿನ್ನೀರಿನ ತಳದಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇವೆ, ನೀರು ಕಮ್ಮಿಯಾದಾಗ ಮೇಲಿಂದ ಕಾಣದೆ ಕಾಲಿಗೆ ಚುಚ್ಚುತ್ತವೆ. ನಾವೇ ಆರಿಸಿದ್ದರೆ ಸರಿಯಾಗಿ ಅದರ ಮೇಲೇ ಹಾರುತ್ತಿದ್ದೆವು.

ಆ ರಾತ್ರಿಯ ಬಗ್ಗೆ ಹೆಚ್ಚು ಹೇಳಲ್ಲ. ನಕ್ಷತ್ರ ಇಷ್ಟು ಇರುತ್ತವೆ ಅಂತ ನನ್ನ ಮಗಳು ಅವತ್ತೇ ನೋಡಿದ್ದು. ಇರುವೆ ಕಾಟ ಮಾತ್ರ ವಿಪರೀತ, ಮಂಡಕ್ಕಿ ಚೀಲದ ಬಾಯಿ ಕಟ್ಟಿರಲಿಲ್ಲ.

ಎರಡನೇ ದಿನ ನಾಲ್ಕೂವರೆಗೆ ಪೂರ್ವದಲ್ಲಿ ಮೋಡ ಎದ್ದಿತು. ಹೂಕೋಸಿನ ಥರ ಬಿಳಿ, ಬುಡದಲ್ಲಿ ಕಪ್ಪು. ಗುಡುಗು ಇನ್ನೂ ಇಲ್ಲ. ದೋಣಿಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಿಂಚು ಶುರುವಾದ ಮೇಲೆ ನೀರಿನ ಮೇಲೆ ಇರಬಾರದು, ನಡುಗಡ್ಡೆಯಲ್ಲಿ ಗಟ್ಟಿ ಸೂರೂ ಇಲ್ಲ. ಟೆಂಟ್ ಅಲ್ಲೇ ಬಿಟ್ಟು, ಎರಡು ಸಲಕ್ಕೆ ಎಲ್ಲರೂ ದಡಕ್ಕೆ ಬಂದೆವು. ನಮ್ಮನೆಯವರು ‘ಒಂದು ಹನಿ ಇಲ್ಲ, ಸುಮ್ನೆ ಹೆದರಿಸ್ತೀಯಾ’ ಅಂತ ಗೊಣಗಿದರು. ಮಗಳು ಮಾತು ಬಿಟ್ಟಳು. ದೋಣಿಯವರ ಮನೆಯ ಜಗಲಿಯಲ್ಲಿ ಕೂತು ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆವು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಗುಡುಗು ಮೂವತ್ತು ಸೆಕೆಂಡಿನ ಒಳಗೆ ಬಂದರೆ ಹೊರಗೆ ಇರಬಾರದು. ಒಂದು ಸಲ ಇಪ್ಪತ್ತೆರಡಕ್ಕೆ ಬಂತು. ಮಳೆ ಬರಲೇ ಇಲ್ಲ. ರಾತ್ರಿ ಜಗಲಿಯಲ್ಲೇ ಮಲಗಿದೆವು, ಸೊಳ್ಳೆ ಕಡಿಸಿಕೊಂಡು.

ಬೆಳಿಗ್ಗೆ ಸಾಗರಕ್ಕೆ ಬಂದ ಮೇಲೆ ಸಿಗ್ನಲ್ ಸಿಕ್ಕಿತು. ಅತ್ತೆಗೆ ಫೋನ್ ಮಾಡಿದೆ. ಇಲ್ಲಿ ಒಂದು ಹನಿಯೂ ಬೀಳಲಿಲ್ಲ ಅಂದೆ.

‘ಅಲ್ಲಿ ಎಲ್ಲಿ ಬೀಳ್ತದೆ, ಎಲ್ಲಾ ಇಲ್ಲೇ ಹೊಡೀತು’ ಅಂದರು. ‘ಆಲಿಕಲ್ಲು ಮಳೆ. ಮಾಳಿಗೆ ಮೇಲೆ ಒಣಗಾಕಿದ್ದ ಸಂಡಿಗೆ ಪೂರ್ತಿ ನೆನೆದೋತು. ನೀವಿದ್ದಿದ್ರೆ ತೆಗೀತಿದ್ರಿ.’